ಅಕ್ವೇರಿಯಂ ಮರಳು ತೆಗೀಬೇಕಾ? ಅವಸರ ಬೇಡ!

ಹಾಲ್‌ನಲ್ಲಿರೋ ಅಕ್ವೇರಿಯಂ ತಳದಲ್ಲಿ ಮರಳು, ಬಣ್ಣದ ಕಲ್ಲು ನೋಡೋಕೆ ಚೆಂದ. ಆದರೆ ಮಿಕ್ಕ ಆಹಾರ, ಮೀನಿನ ಮಲ ಅದರಡಿ ಸೇರಿ ಕೊಳೆಯುತ್ತೆ. ತಳ ಬರಿದಾಗಿದ್ದರೆ ಕೊಳೆ ಕಣ್ಣಿಗೆ ಕಾಣುತ್ತೆ, ಪೈಪ್‌ನಿಂದ ಎಳೆದು ತೆಗೆಯೋದೂ ಸುಲಭ.

ಹಾಗಂತ ಒಂದೇ ದಿನ ಎಲ್ಲ ಎತ್ತಿಬಿಡಬೇಡಿ. ಮೊಸರಿಗೆ ಹೆಪ್ಪು ಬೇಕಾದ ಹಾಗೆ ಅಕ್ವೇರಿಯಂಗೂ ಒಳ್ಳೆಯ ಬ್ಯಾಕ್ಟೀರಿಯಾ ಬೇಕು. ಅವು ಇರೋದು ಮರಳು ಮತ್ತು ಫಿಲ್ಟರ್ ಸ್ಪಂಜಿನಲ್ಲಿ. ಮರಳೆಲ್ಲ ಒಮ್ಮೆಗೇ ಹೋದರೆ ನೀರಲ್ಲಿ ಅಮೋನಿಯಾ ಏರಿ ಮೀನು ಸಾಯಬಹುದು.

ಹೀಗೆ ಮಾಡಿ:

* ಮೊದಲು ಪ್ಲಗ್ ಕಿತ್ತಿಡಿ.

* ವಾರಕ್ಕೆ ಕಾಲುಭಾಗ ಮರಳು ಮಾತ್ರ ತೆಗೆಯಿರಿ. ಕದಡಬೇಡಿ.

* ಕಾಲುಭಾಗ ನೀರೂ ಬದಲಿಸಿ. ನಲ್ಲಿ ನೀರಾದರೆ ಹಿಂದಿನ ದಿನವೇ ಬಕೆಟ್‌ನಲ್ಲಿ ಹಿಡಿದಿಡಿ, ಕ್ಲೋರಿನ್ ಹೋಗಲಿ.

* ಆ ವಾರ ಸ್ಪಂಜ್ ತೊಳೀಬೇಡಿ, ಆಹಾರ ಕಡಿಮೆ ಹಾಕಿ.

* ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ದರೆ ತಕ್ಷಣ ನೀರು ಬದಲಿಸಿ, ಮರಳು ತೆಗೆಯೋದು ನಿಲ್ಲಿಸಿ.

ಬರಿ ತಳದಲ್ಲಿ ಸಣ್ಣ ಮೀನಿಗೆ ಅಡಗಲು ಜಾಗ ಬೇಕಲ್ಲ? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೆಂಗಿನ ಚಿಪ್ಪಿಗೇನು ಬರ! ಚೂರೂ ಕಾಯಿ ಉಳಿಯದಂತೆ ಹೆರೆದು, ನಾರು ತೆಗೆದು, ನೀರು ಬದಲಿಸುತ್ತಾ ಎರಡು ಮೂರು ಸಲ ಕುದಿಸಿ. ಅಂಚಲ್ಲಿ ಬಾಗಿಲು ಕೊರೆದು ಬೋರಲು ಹಾಕಿ. ಅಲಂಕಾರಕ್ಕೆ ಹವಳದ ಬಂಡೆಯ ತುಂಡು ಮಾತ್ರ ಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ಮಾರಾಟ ನಿಷಿದ್ಧ.