ಗಣಕಯಂತ್ರದ ಬಯಾಸ್ ನವೀಕರಣ: ಅವಸರ ಸಲ್ಲದು

ಕಾಯಕನಿಷ್ಠೆಯೆಂದರೆ ದುಡಿಮೆಯಷ್ಟೇ ಅಲ್ಲ. ದುಡಿಮೆಯ ಸಾಧನವನ್ನು ಅರಿತು ಕಾಪಾಡುವುದೂ ಅದರಲ್ಲಿ ಸೇರಿದೆ. ಹೊಸಪೇಟೆಯ ಮುದ್ರಣಾಲಯ, ಹಂಪಿಯ ವಸತಿಗೃಹ, ಸಂಡೂರಿನ ಅದಿರು ಲಾರಿಗಳ ಲೆಕ್ಕದ ಕೋಣೆ, ಕಂಪ್ಲಿಯ ಭತ್ತದ ವ್ಯಾಪಾರಿಯ ಅಂಗಡಿ - ಎಲ್ಲೆಡೆ ಇಂದು ಗಣಕಯಂತ್ರವೇ ಅಂಥ ಸಾಧನವಾಗಿದೆ.

ಈ ಯಂತ್ರದ ಮದರ್‌ಬೋರ್ಡಿನ ಮೇಲೆ ಪುಟ್ಟದೊಂದು ಚಿಪ್ ಇರುತ್ತದೆ. ಗುಂಡಿ ಒತ್ತಿದೊಡನೆ ಯಂತ್ರವನ್ನು ಎಚ್ಚರಿಸುವ ಮೂಲ ತಂತ್ರಾಂಶ ಅದರಲ್ಲಿ ನೆಲೆಸಿದೆ. ಅದಕ್ಕೆ ಬಯಾಸ್ ಎಂದು ಹೆಸರು. 1999ರ ಏಪ್ರಿಲ್ 26ರಂದು ಸಿ.ಐ.ಎಚ್. ಎಂಬ ವೈರಸ್ ಜಗತ್ತಿನ ಹಲವೆಡೆ ಈ ಬರಹವನ್ನೇ ಕೆಡಿಸಿದಾಗ, ಎಷ್ಟೋ ಯಂತ್ರಗಳು ಎಚ್ಚರಗೊಳ್ಳಲೇ ಇಲ್ಲ.

ಹಾಗಾದರೆ ಅದನ್ನು ಮುಟ್ಟದಿರುವುದೇ ಲೇಸಲ್ಲವೇ? ಯಾವಾಗಲೂ ಅಲ್ಲ. ಇಂಟೆಲ್ ಸಂಸ್ಥೆಯ 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಮಿತಿಮೀರಿದ ವೋಲ್ಟೇಜ್‌ನಿಂದ ಹಾನಿಗೊಳ್ಳುತ್ತಿರುವುದು 2024ರಲ್ಲಿ ಖಚಿತವಾಯಿತು. ಪರಿಹಾರವು ಬಯಾಸ್ ನವೀಕರಣದ ಮೂಲಕವೇ ಬಂದಿತು. ಆದರೆ ಅದಾಗಲೇ ಆದ ಹಾನಿಯನ್ನು ಅದು ಸರಿಪಡಿಸಲಾರದು. ಅಂಥ ಯಂತ್ರವುಳ್ಳವರು ತಡಮಾಡಬಾರದು. ಉಳಿದವರು, ತಯಾರಕರು ಸುರಕ್ಷತೆಯ ಇಲ್ಲವೆ ದೋಷನಿವಾರಣೆಯ ಕಾರಣ ಹೇಳದಿದ್ದರೆ, ಚೆನ್ನಾಗಿ ನಡೆಯುವುದಕ್ಕೆ ಕೈಹಚ್ಚಬೇಕಾಗಿಲ್ಲ.

ನವೀಕರಣದಲ್ಲಿ ಹಳೆಯ ಬರಹ ಅಳಿದು ಹೊಸದು ಮೂಡುತ್ತದೆ. ನಡುವೆ ವಿದ್ಯುತ್ ಹೋದರೆ ಅದೂ ಇಲ್ಲ, ಇದೂ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ಸ್ಟಾಪ್‌ಲಾಗ್ ಇಳಿಸಿ ನೀರನ್ನು ತಡೆದುದು ನಮ್ಮ ಭಾಗದವರಿಗೆ ನೆನಪಿದೆಯಷ್ಟೆ. ಕೆಲವು ಮದರ್‌ಬೋರ್ಡುಗಳಲ್ಲಿ ಅಂಥ ಆಸರೆಯಾಗಿ ಎರಡನೆಯ ಬಯಾಸ್ ಚಿಪ್ ಇರುತ್ತದೆ, ಎಲ್ಲದರಲ್ಲಿಯೂ ಇರದು.

ಆದುದರಿಂದ ಕ್ರಮವರಿತು ನಡೆಯಬೇಕು. ಮೊದಲು ಕಡತಗಳ ಪ್ರತಿಯನ್ನು ಬೇರೆಡೆ ಇರಿಸಬೇಕು. ಬಿಟ್‌ಲಾಕರ್ ಬೀಗವಿದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟು, ಬೀಗವನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕು. ಈಗಿನ ಬಯಾಸ್ ಹೊಂದಾಣಿಕೆಗಳ ಚಿತ್ರ ತೆಗೆದುಕೊಳ್ಳಬೇಕು. ನವೀಕರಣದ ಬಳಿಕ ಅವು ಮೂಲಸ್ಥಿತಿಗೆ ಮರಳಬಹುದು. ಮದರ್‌ಬೋರ್ಡಿನ ಮಾದರಿಯನ್ನೂ ಅದರ ಆವೃತ್ತಿ ಸಂಖ್ಯೆಯನ್ನೂ ಅಕ್ಷರಶಃ ತಾಳೆ ನೋಡಿ, ತಯಾರಕರ ಸ್ವಂತ ಜಾಲತಾಣದಿಂದಲೇ ಕಡತವನ್ನು ಪಡೆಯಬೇಕು. ಹತ್ತಿರದ ಮಾದರಿಯದು ಸಾಕೆಂಬ ಭಾವನೆ ಕೂಡದು. ಅದನ್ನು ಎಫ್.ಎ.ಟಿ. 32 ವಿಧಾನದ ಪೆನ್‌ಡ್ರೈವ್‌ಗೆ ಹಾಕಿ, ಬಯಾಸ್‌ನೊಳಗಿನ ಸಾಧನದಿಂದಲೇ ನವೀಕರಿಸುವುದು ಮೇಲು.

ಗುಡುಗು ಮಳೆಯ ಹೊತ್ತು ಈ ಕೆಲಸ ಬೇಡ. ಯು.ಪಿ.ಎಸ್. ಬ್ಯಾಟರಿ ನಿಲ್ಲುವುದೇ ಎಂದು ಮೊದಲೇ ಪರೀಕ್ಷಿಸಬೇಕು. ಲ್ಯಾಪ್‌ಟಾಪ್ ಆದರೆ ಚಾರ್ಜು ತುಂಬಿರಲಿ, ಚಾರ್ಜರ್ ಕೂಡ ಜೋಡಿಸಿರಲಿ. ಪರದೆ ಕಪ್ಪಾದರೂ, ಯಂತ್ರ ತಾನಾಗಿ ಎರಡು ಮೂರು ಬಾರಿ ಆರಿ ಹೊತ್ತಿದರೂ ಗಾಬರಿಯಿಂದ ಗುಂಡಿ ಒತ್ತಕೂಡದು. ಒಂದು ವೇಳೆ ವಿಫಲವಾದರೆ, ಚಿಪ್ಪಿನ ಬರಹವನ್ನು ಮತ್ತೆ ತುಂಬುವ ಉಪಕರಣವುಳ್ಳ ತಂತ್ರಜ್ಞರನ್ನು ಕಾಣಬೇಕು.

ವರ್ಷಗಳ ಲೆಕ್ಕಪತ್ರವೂ ಮಕ್ಕಳ ಅಭ್ಯಾಸವೂ ನಿಂತಿರುವ ಸಾಧನಕ್ಕೆ ಅರ್ಧ ಗಂಟೆಯ ತಾಳ್ಮೆ ಹೆಚ್ಚಿನದೇನಲ್ಲ.