ಹಾಡುವ ಕೋಣೆಗೆ ಹಲಗೆಯೋ, ಜಮಖಾನೆಯೋ?

ಪುಣೆಗೆ ಬಂದ ಕನ್ನಡಿಗರಿಗೆ ಸಂಗೀತದ ನಂಟು ಹೊಸದಲ್ಲ. ಕುಂದಗೋಳದ ಸವಾಯಿ ಗಂಧರ್ವರ ಸ್ಮರಣೆಯ ಉತ್ಸವ ಆರಂಭವಾದದ್ದು ೧೯೫೩ರಲ್ಲಿ, ಇದೇ ಊರಿನಲ್ಲಿ. ಅದನ್ನು ಬೆಳೆಸಿದ ಭೀಮಸೇನ ಜೋಶಿಯವರು ಗದಗಿನವರು. ನಮ್ಮ ಯೆರವಡಾದ ಖೋಲಿಗಳಲ್ಲಿಯೂ ಸಂಜೆಯ ಹೊತ್ತು ಹಾರ್ಮೋನಿಯಂ ಕೇಳಿಸುವುದುಂಟು. ಕೈಯಲ್ಲಿ ನಾಲ್ಕು ಕಾಸು ಉಳಿದು, ಮಕ್ಕಳ ಅಭ್ಯಾಸಕ್ಕೆಂದು ಒಂದು ಕೋಣೆ ದೊರೆತಾಗ ಏಳುವ ಪ್ರಶ್ನೆ ಇದು: ನೆಲಕ್ಕೆ ಹಲಗೆ ಬಡಿಸಬೇಕೋ, ಗೋಡೆಯಿಂದ ಗೋಡೆಗೆ ಕಾರ್ಪೆಟ್ ಅಂಟಿಸಬೇಕೋ? ಅಂಗಡಿಯವರನ್ನು ಕೇಳಿದರೆ ಅವರಲ್ಲಿ ಯಾವುದಿದೆಯೋ ಅದನ್ನೇ ಹೊಗಳುತ್ತಾರೆ. ಆದುದರಿಂದ ನಾವೇ ಸ್ವಲ್ಪ ವಿಚಾರ ಮಾಡಿ ನೋಡುವುದು ಒಳ್ಳೆಯದು.

ಮೊದಲು ಕಾಲಡಿಯಲ್ಲಿ ಈಗೇನಿದೆ ಎಂಬುದನ್ನು ನೋಡೋಣ. ಪುಣೆಯ ಹಳೆಯ ಚಾಳುಗಳಲ್ಲಿ ಕಾಣುವ ಬೂದುಬಣ್ಣದ ಫರಶಿ ಶಹಾಬಾದಿ ಕಲ್ಲು. ಶಹಾಬಾದ ನಮ್ಮ ಕಲಬುರಗಿ ಜಿಲ್ಲೆಯ ಊರು. ನಮ್ಮಂತೆಯೇ ಈ ಕಲ್ಲೂ ಇಲ್ಲಿಗೆ ದುಡಿಯಲು ಬಂದದ್ದೆನ್ನಬೇಕು. ಹೊಸ ಮನೆಗಳಲ್ಲಾದರೆ ನುಣುಪಾದ ಟೈಲ್ಸು. ಧ್ವನಿಯ ಮಟ್ಟಿಗೆ ಇವೆರಡೂ ಒಂದೇ: ಮೇಲೆ ಬಿದ್ದ ಧ್ವನಿಯಲ್ಲಿ ನೂರಕ್ಕೆ ೯೫ಕ್ಕಿಂತ ಹೆಚ್ಚು ಪಾಲನ್ನು ತಿರುಗಿ ಎಸೆಯುತ್ತವೆ. ಗಿಲಾಯಿ ಮಾಡಿದ ಗೋಡೆ, ಸಿಮೆಂಟಿನ ಮಾಳಿಗೆ ಇವುಗಳ ಗುಣವೂ ಅದೇ. ಹತ್ತು ಹನ್ನೆರಡು ಅಡಿಯ ಬರಿದಾದ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿರಿ. ಸದ್ದು ಅಡಗಲು ಎರಡು ಸೆಕೆಂಡಿನಷ್ಟಾದರೂ ಹಿಡಿದೀತು. ಸೆಕೆಂಡಿಗೆ ಎಂಟು ಸ್ವರದ ತಾನು ಹಾಕುವವನಿಗೆ ಇದರಿಂದ ಒಂದು ಸ್ವರ ಇನ್ನೊಂದರಲ್ಲಿ ಕಲಸಿಹೋಗುತ್ತದೆ. ತನ್ನ ತಪ್ಪು ತನಗೇ ಕೇಳಿಸದು.

ಈ ಅನುರಣನವನ್ನು ಮೊದಲು ಲೆಕ್ಕಕ್ಕೆ ತಂದವರು ಅಮೇರಿಕೆಯ ವಾಲೇಸ್ ಸಬೈನ್. ೧೮೯೫ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು ಐದಾರು ಸೆಕೆಂಡು ತೇಲಾಡಿ ಯಾರಿಗೂ ತಿಳಿಯದಂತಾಗಿತ್ತು. ಅವರು ಬೇರೊಂದು ಸಭಾಗೃಹದ ಆಸನಗಳ ಮೆತ್ತೆಗಳನ್ನು ರಾತ್ರಿಯ ನಿಶ್ಶಬ್ದದಲ್ಲಿ ಹೊರಿಸಿ ತಂದು, ಹಾಸಿ, ಒಂದೊಂದು ಹಂತದಲ್ಲಿಯೂ ಸದ್ದು ಅಡಗುವ ಕಾಲವನ್ನು ಅಳೆದರು. ಮೆತ್ತಗಿನ ವಸ್ತು ಹೆಚ್ಚಿದಷ್ಟೂ ಅನುರಣನ ಕಡಿಮೆ. ನಮಗೂ ಬೇಕಾದ ಸೂತ್ರ ಇಷ್ಟೆ.

ಹಾಗಾದರೆ ಕಾರ್ಪೆಟ್ಟೇ ಸರಿಯೆ? ಅರ್ಧ ಸರಿ. ತೆಳುವಾದ ಹಾಸು ಎತ್ತರದ ಸ್ವರಗಳನ್ನು ನುಂಗುತ್ತದೆ, ತಗ್ಗಿನ ಸ್ವರಗಳನ್ನು ಹಾಗೆಯೇ ಬಿಡುತ್ತದೆ. ಮಿರಜೆಯ ತಂಬೂರಿಯ ಜವಾರಿ ಇರುವುದು ಆ ಎತ್ತರದ ನಾದದಲ್ಲಿಯೇ. ಮೊದಲು ಸಾಯುವುದೂ ಅದೇ. ಡಗ್ಗಾದ ಗುಂಯ್ ಎಂಬ ಸದ್ದು ಮಾತ್ರ ಉಳಿಯುತ್ತದೆ. ನೆಲವೆಲ್ಲ ಮುಚ್ಚಿದ ಕೋಣೆಯಲ್ಲಿ ಹಾಡುವ ಹುಡುಗ ಧ್ವನಿ ಸಾಲದೆಂದು ಗಂಟಲು ಬಿಗಿಯತೊಡಗುತ್ತಾನೆ. ಕಲಿಯುವವನಿಗೆ ಇದು ಮಾರ್ದನಿಗಿಂತ ಕೆಟ್ಟದೆಂದು ನಮ್ಮ ಎಣಿಕೆ.

ಹಲಗೆಯ ಮಾತು ಬೇರೆ. ತೊಲೆಗಳ ಮೇಲೆ ಕೂಡಿಸಿ, ಕೆಳಗೆ ಗಾಳಿಗೆ ಎಡೆ ಬಿಟ್ಟ ಸಾಗವಾನಿಯ ನೆಲ ತಾನೂ ತುಸು ಅಲುಗಿ ತಗ್ಗಿನ ಸ್ವರವನ್ನು ಕೊಂಚ ಹೀರುತ್ತದೆ. ಕಲ್ಲಿನ ಮೇಲೆ ನೇರವಾಗಿ ಅಂಟಿಸಿದ ತೆಳು ಪಟ್ಟಿಯಾದರೋ ಕಣ್ಣಿಗೆ ಮರ, ಕಿವಿಗೆ ಕಲ್ಲು. ಮರದ ಪುಡಿಯನ್ನು ಒತ್ತಿ ಮೇಲೆ ಮರದ ಚಿತ್ರ ಅಂಟಿಸಿದ ಲ್ಯಾಮಿನೇಟ್ ನೀರು ತಗಲಿದರೆ ಉಬ್ಬುತ್ತದೆ. ಆದರೆ ಮಗಳು ಭರತನಾಟ್ಯವನ್ನೋ ಕಥಕ್ಕನ್ನೋ ಕಲಿಯುತ್ತಿದ್ದರೆ ಮಾತ್ರ ಕೆಳಗೆ ಎಡೆಯಿರುವ ಹಲಗೆಗೆ ಹಣ ಹಾಕಿರಿ. ಕಲ್ಲಿನ ಮೇಲೆ ನಿತ್ಯ ಹೆಜ್ಜೆ ಹಾಕಿದರೆ ಮೊಣಕಾಲಿಗೂ ಹಿಮ್ಮಡಿಗೂ ಪೆಟ್ಟು. ಬಿಡಿಯಾದ ಜಮಖಾನೆಯೋ ಕಾಲಡಿಯಲ್ಲಿ ಜಾರುತ್ತದೆ.

ಇನ್ನು ನೆರೆಯವರ ವಿಷಯ. ಕಾರ್ಪೆಟ್ ಹಾಕಿದರೆ ಪಕ್ಕದ ಖೋಲಿಗೆ ಸದ್ದು ಹೋಗದೆಂದು ಬಹಳ ಜನ ನಂಬಿದ್ದಾರೆ. ಇದು ನಿಜವಲ್ಲ. ಕೆಳಗಿನ ಮನೆಗೆ ಹೆಜ್ಜೆಯ ಸಪ್ಪಳ, ಕುರ್ಚಿ ಎಳೆದ ಸಪ್ಪಳ ಕಡಿಮೆಯಾದೀತು; ಹಾಡು ಗೋಡೆ ದಾಟುವುದನ್ನು ಯಾವ ಹಾಸೂ ತಡೆಯಲಾರದು. ಅದನ್ನು ತಡೆಯುವುದು ಗೋಡೆಯ ತೂಕ ಮತ್ತು ಸಂದುಗಳಿಲ್ಲದ ಬಾಗಿಲು. ರಾತ್ರಿ ಪಾಳಿ ಮುಗಿಸಿ ಬಂದು ಬೆಳಿಗ್ಗೆ ಕಣ್ಣು ಮುಚ್ಚುವವರು ನಮ್ಮಲ್ಲಿ ಎಷ್ಟು ಜನರಿಲ್ಲ! ಅವರ ನಿದ್ದೆ ಕೆಟ್ಟರೆ ದೂರು ಮನೆಯೊಡೆಯನಿಗೆ ಹೋಗುತ್ತದೆ, ಮಗುವಿನ ಪಾಠ ಅಲ್ಲಿಗೆ ನಿಲ್ಲುತ್ತದೆ. ಬಾಗಿಲಡಿಯ ಸಂದಿಗೆ ಹಳೆಯ ಬಟ್ಟೆಯ ಸುರುಳಿ ಇಡಿರಿ; ಇಬ್ಬರಿಗೂ ಸೇರಿದ ಗೋಡೆಯನ್ನು ಬಿಟ್ಟು ಕೂಡಿರಿ; ತಬಲಾದ ಸಿಂಬಿಯ ಕೆಳಗೆ ಮಡಿಸಿದ ಕಂಬಳಿ ಹಾಕಿರಿ. ಎಲ್ಲಕ್ಕೂ ಮೊದಲು ಅವರ ಪಾಳಿಯ ವೇಳೆಯನ್ನು ಕೇಳಿ ತಿಳಿಯಿರಿ. ಇದಕ್ಕೆ ಖರ್ಚಿಲ್ಲ.

ಬಾಡಿಗೆಯ ಮನೆಯಲ್ಲಿ ನೆಲಕ್ಕೆ ಏನನ್ನೂ ಅಂಟಿಸದಿರುವುದೇ ಜಾಣತನ. ಬಿಟ್ಟುಹೋಗುವಾಗ ಅದು ಒಡೆಯನ ಪಾಲು, ಕಿತ್ತರೆ ಡಿಪಾಜಿಟ್ಟಿಗೆ ಕತ್ತರಿ. ಕೋಣೆಯ ಅರ್ಧದಷ್ಟು ನೆಲಕ್ಕೆ ಒಂದು ಕರಿಕಂಬಳಿ, ಅದರ ಮೇಲೆ ನವಲಗುಂದದ್ದೋ ಮತ್ತೆಲ್ಲಿಯದೋ ದಪ್ಪ ಜಮಖಾನೆ ಹಾಸಿರಿ. ಉಳಿದರ್ಧ ಕಲ್ಲು ಕಲ್ಲಾಗಿಯೇ ಇರಲಿ. ಹಾಡುವವನ ಎದುರಿನ ಗೋಡೆಗೆ ಅವ್ವ ಹೊಲಿದುಕೊಟ್ಟ ಕೌದಿಯನ್ನು ನಾಲ್ಕು ಬೆರಳು ಮುಂದಕ್ಕೆ ಬಿಟ್ಟು ತೂಗಹಾಕಿದರೆ ಅಂಟಿಸಿದ ಕಾರ್ಪೆಟ್ಟಿಗಿಂತ ಹೆಚ್ಚು ಕೆಲಸ ಮಾಡೀತು. ಪುಸ್ತಕದ ಕಪಾಟು, ಹಾಸಿಗೆಯ ಸುರುಳಿ ಇವೂ ಸಹಾಯಕ್ಕೆ ಬರುತ್ತವೆ. ರತ್ನಗಂಬಳಿಯಂತೂ ಈ ಭಾಗಕ್ಕೆ ಅಪರಿಚಿತವಲ್ಲ: ಯೆರವಡಾ ಜೈಲಿನಲ್ಲಿ ಕೈದಿಗಳು ನೇಯ್ದ ಕಂಬಳಿಗಳು ೧೯ನೆಯ ಶತಮಾನದಲ್ಲಿಯೇ ಪರದೇಶದವರೆಗೂ ಹೆಸರಾಗಿದ್ದವು. ಆದರೆ ನಮ್ಮ ಕೆಲಸಕ್ಕೆ ಅಷ್ಟು ದುಬಾರಿಯದು ಬೇಕಿಲ್ಲ.

ಬಿಡಿಯಾದ ಹಾಸಿಗೆ ಇನ್ನೊಂದು ಅನುಕೂಲವಿದೆ, ಬಿಸಿಲಿಗೆ ಹಾಕಬಹುದು. ಪುಣೆಯ ಮಳೆಗಾಲದಲ್ಲಿ ನೆಲಮನೆಯ ಫರಶಿ ಬೆವರುತ್ತದೆ. ಅಂಟಿಸಿದ ಕಾರ್ಪೆಟ್ಟಿನಡಿಯಲ್ಲಿ ಬೂಷ್ಟು ಹಿಡಿದು ನಾರುತ್ತದೆ, ಹಲಗೆಗೆ ಗೆದ್ದಲಿನ ಭಯ. ಅನುಮಾನವಿದ್ದವರು ಒಂದು ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಅಂಚಿನ ಸುತ್ತಲೂ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ಎತ್ತಿ ನೋಡಿರಿ. ಅಡಿಯಲ್ಲಿ ಹನಿ ಕಂಡರೆ ಆ ನೆಲಕ್ಕೆ ಹಲಗೆಯೂ ಬೇಡ, ಕಾರ್ಪೆಟ್ಟೂ ಬೇಡ. ತಂಬೂರಿಯನ್ನು ಸಹ ನೆಲಕ್ಕಿಡದೆ ಮಣೆಯ ಮೇಲೆ ಇಡತಕ್ಕದ್ದು.