ಕಬ್ಬಿನ ದ್ವೀಪಗಳಲ್ಲಿ ಹೋಳಿಗೆ, ತಮಟೆ

ಹುಲಿಯೂರುದುರ್ಗದಂಥ ಊರುಗಳ ಹೆಚ್ಚಿನವರಿಗೆ ವೆಸ್ಟ್ ಇಂಡೀಸ್ ಎಂದರೆ ಒಂದು ಕ್ರಿಕೆಟ್ ತಂಡ. 1974ರ ನವೆಂಬರಿನಲ್ಲಿ ಬೆಂಗಳೂರಿನ ಇಂದಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊಟ್ಟಮೊದಲ ಟೆಸ್ಟ್ ಪಂದ್ಯ ನಡೆದಾಗ ಎದುರಾಳಿಯಾಗಿ ಬಂದದ್ದು ಕ್ಲೈವ್ ಲಾಯ್ಡ್ ನಾಯಕತ್ವದ ಆ ತಂಡವೇ. ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರೂ ತಮ್ಮ ಮೊದಲ ಟೆಸ್ಟ್ ಆಡಿದ್ದು ಅಲ್ಲಿ. ಆದರೆ ತಂಡದ ಮೊದಲ ಸರದಿಯಲ್ಲಿ 124 ರನ್ ಹೊಡೆದ ಆಟಗಾರನ ಹೆಸರು ಕನ್ನಡದ ಕಿವಿಗೆ ಪರಕೀಯವಾಗಿರಲಿಲ್ಲ: ಆಲ್ವಿನ್ ಕಾಳೀಚರಣ್.

ಸಾವಿರಾರು ಮೈಲಿ ದೂರದ ಕೆರಿಬಿಯನ್ ಸಮುದ್ರದಂಚಿಗೆ ಕಾಳಿಯ ಹೆಸರು ಹೋದದ್ದು ಹೇಗೆ? ಉತ್ತರ ಸಕ್ಕರೆಯಲ್ಲಿದೆ.

ಹುಲಿಯೂರುದುರ್ಗದಿಂದ ಮದ್ದೂರಿನ ಕಡೆ ಹೋಗಿ ಬರುವವರಿಗೆ ಆಲೆಮನೆಯ ವಾಸನೆ ಗೊತ್ತು. ಕಡಿದ ಕಬ್ಬನ್ನು ಬೇಗ ಅರೆಯದಿದ್ದರೆ ಇಳುವರಿ ಕುಸಿಯುತ್ತದೆ. ಕಡಿಯುವುದು, ಸಾಗಿಸುವುದು, ಅರೆಯುವುದು, ಕಾಯಿಸುವುದು ಎಲ್ಲವೂ ಬೆನ್ನುಬೆನ್ನಿಗೆ ನಡೆಯಬೇಕು. ಇಷ್ಟು ಕೆಲಸಕ್ಕೆ ಆಳುಗಳು ಬೇಕು. ಕೆರಿಬಿಯನ್ ದ್ವೀಪಗಳ ತೋಟದ ದೊರೆಗಳು ಆಫ್ರಿಕಾದಿಂದ ಗುಲಾಮರನ್ನು ತರಿಸಿ ಈ ಕೆಲಸ ಮಾಡಿಸಿದರು. 1834ರಲ್ಲಿ ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾಯಿತು. ಬಳಿಕ ‘ತರಬೇತಿ’ಯ ಹೆಸರಿನಲ್ಲಿ ಮುಂದುವರಿದ ದುಡಿಮೆಯೂ 1838ಕ್ಕೆ ಮುಗಿಯಿತು. ಆಗ ದೊರೆಗಳ ಕಣ್ಣು ಭಾರತದ ಮೇಲೆ ಬಿತ್ತು.

1838ರ ಮೇ ತಿಂಗಳಲ್ಲಿ ಮೊದಲ ಹಡಗುಗಳು ಗಯಾನಾ ತಲುಪಿದವು. ಗಯಾನಾ ದ್ವೀಪವಲ್ಲ, ದಕ್ಷಿಣ ಅಮೆರಿಕದ ನೆಲ. ಆದರೂ ಬದುಕಿನ ರೀತಿಯಲ್ಲಿ ಅದು ಕೆರಿಬಿಯನ್ ಬಳಗಕ್ಕೆ ಸೇರಿದೆ. 1845ರ ಮೇ 30ರಂದು ‘ಫತೇಲ್ ರಜಾಕ್’ ಹಡಗು ಟ್ರಿನಿಡಾಡ್ ಮುಟ್ಟಿತು. ಕರಾರಿನ ಕೂಲಿ ಪದ್ಧತಿ 1917ರಲ್ಲಿ ನಿಲ್ಲುವ ಹೊತ್ತಿಗೆ ಗಯಾನಾಕ್ಕೆ ಸುಮಾರು 2 ಲಕ್ಷ 39 ಸಾವಿರ, ಟ್ರಿನಿಡಾಡಿಗೆ ಸುಮಾರು 1 ಲಕ್ಷ 44 ಸಾವಿರ ಭಾರತೀಯರು ಹೋಗಿದ್ದರು. ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶದ ಭೋಜಪುರಿ ಸೀಮೆಯವರು. ಮದರಾಸ್ ಬಂದರಿನಿಂದ ಹೊರಟ ತಮಿಳರು, ತೆಲುಗರೂ ಇದ್ದರು.

ತಟ್ಟೆಯ ಸಾಕ್ಷ್ಯ

ಇಂದು ಟ್ರಿನಿಡಾಡಿನಲ್ಲಿ ಭೋಜಪುರಿಯಲ್ಲಿ ಮಾತನಾಡುವವರು ವಿರಳ. ಅಡುಗೆ ಮಾತ್ರ ಸೋಲಲಿಲ್ಲ. ಅಲ್ಲಿನ ‘ದಾಲ್‌ಪುರಿ’ಯನ್ನು ನಮ್ಮ ಹೆಣ್ಣುಮಕ್ಕಳು ನೋಡಿದ ಕೂಡಲೇ ಗುರುತಿಸುತ್ತಾರೆ. ಬೇಯಿಸಿ ಪುಡಿಮಾಡಿದ ಬೇಳೆಯನ್ನು ಕಣಕದೊಳಗೆ ತುಂಬಿ, ಲಟ್ಟಿಸಿ, ಕಾವಲಿಯ ಮೇಲೆ ಬೇಯಿಸುವ ಕ್ರಮ ಹೋಳಿಗೆಯದೇ. ಹೂರಣಕ್ಕೆ ಬೆಲ್ಲದ ಬದಲು ಉಪ್ಪು, ಜೀರಿಗೆ. ಕಡಲೆಬೇಳೆಯ ಬದಲು ಅಲ್ಲಿ ಸುಲಭವಾಗಿ ಸಿಗುವ ಬಟಾಣಿ ಬೇಳೆ. ಸಕ್ಕರೆಗಾಗಿಯೇ ಹುಟ್ಟಿಸಿದ ತೋಟಗಳಲ್ಲಿ ದುಡಿದವರ ಹೋಳಿಗೆ ಖಾರದ ಪಲ್ಯಕ್ಕೆ ಜೊತೆಯಾಯಿತು!

ಬೆಳಗಿನ ಹೊತ್ತು ರಸ್ತೆಬದಿಯಲ್ಲಿ ಮಾರುವ ‘ಡಬಲ್ಸ್’ ಎಲ್ಲ ಜನಾಂಗದವರ ತಿಂಡಿ. ಎಣ್ಣೆಯಲ್ಲಿ ಕರಿದ ಎರಡು ಮೆತ್ತನೆಯ ‘ಬಾರಾ’ಗಳ ನಡುವೆ ಕಡಲೆಕಾಳಿನ ಗೊಜ್ಜು. ಬಾರಾ ಎಂಬುದು ನಮ್ಮ ವಡೆಯ ನಂಟಸ್ತಿಕೆಯ ಮಾತು. 1930ರ ದಶಕದಲ್ಲಿ ಪ್ರಿನ್ಸಸ್ ಟೌನ್ ಎಂಬಲ್ಲಿ ಇದು ಹುಟ್ಟಿತು ಎನ್ನಲಾಗುತ್ತದೆ.

ಆಫ್ರಿಕನ್ನರ ತಟ್ಟೆಯೂ ಇದೇ ಬಗೆಯ ಕಥೆ ಹೇಳುತ್ತದೆ. ಟ್ರಿನಿಡಾಡಿನ ‘ಕಲಲೂ’ ಕೆಸುವಿನ ಸೊಪ್ಪು, ಬೆಂಡೆಕಾಯಿ, ತೆಂಗಿನ ಹಾಲು ಹಾಕಿ ಕುದಿಸಿದ ಸಾರು. ಜಮೈಕಾದಲ್ಲಿ ಅದೇ ಹೆಸರಿನಲ್ಲಿ ಬೇಯುವುದು ದಂಟಿನ ಜಾತಿಯ ಸೊಪ್ಪು. ಕರಾವಳಿಯವರು ಜೀಗುಜ್ಜೆ ಎನ್ನುವ ಕಾಯಿ 1793ರಲ್ಲಿ ಕ್ಯಾಪ್ಟನ್ ಬ್ಲೈ ಅವರ ಹಡಗಿನಲ್ಲಿ ತಾಹಿತಿಯಿಂದ ಬಂತು. ಗುಲಾಮರ ಹೊಟ್ಟೆಯನ್ನು ಅಗ್ಗದಲ್ಲಿ ತುಂಬಿಸುವುದು ಅದರ ಉದ್ದೇಶ. ಉತ್ತರ ಅಮೆರಿಕದ ಉಪ್ಪು ಮೀನು ಬಂದದ್ದೂ ಅದೇ ಲೆಕ್ಕಾಚಾರದಿಂದ. ಇಂದು ಇವೆರಡೂ ಅಲ್ಲಿನ ಹೆಮ್ಮೆಯ ಊಟ.

ಪಾನೀಯದ ಕಥೆಯೂ ಬೇರೆಯಲ್ಲ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುಳಿಯಿಸಿ ಭಟ್ಟಿ ಇಳಿಸಿದರೆ ರಮ್. ಹದಿನೇಳನೆಯ ಶತಮಾನದಲ್ಲೇ ಬಾರ್ಬಡೋಸ್ ಇದಕ್ಕೆ ಹೆಸರಾಗಿತ್ತು. ಕುಡಿಯದವರಿಗೆ ಕ್ರಿಸ್‌ಮಸ್ ಕಾಲದಲ್ಲಿ ‘ಸಾರೆಲ್’ ಇದೆ. ನಮ್ಮ ಪುಂಡಿ ಸೊಪ್ಪಿನ ಜಾತಿಯ ಗಿಡದಲ್ಲಿ ಹೂವಿನ ಬುಡದ ಕೆಂಪು ಎಸಳುಗಳನ್ನು ಶುಂಠಿ, ಲವಂಗದೊಂದಿಗೆ ಕುದಿಸಿ ಸಕ್ಕರೆ ಬೆರೆಸಿದ ಪಾನಕವದು. ಈ ಗಿಡವೂ ಆಫ್ರಿಕಾದ್ದೇ.

ನಿಷೇಧ ಮೀರಿದ ನಾದ

ಟ್ರಿನಿಡಾಡಿನ ಕಾರ್ನಿವಲ್ ಸಮಯದಲ್ಲಿ ಹಿಂದಿನ ಗುಲಾಮರ ಮಕ್ಕಳು ಪಂಜು ಹಿಡಿದು, ಡೋಲು ಬಾರಿಸಿ ಮೆರವಣಿಗೆ ಹೊರಡುತ್ತಿದ್ದರು. 1881ರಲ್ಲಿ ಪೊಲೀಸರೊಂದಿಗೆ ದೊಡ್ಡ ಘರ್ಷಣೆ ನಡೆದು, ಬಳಿಕ ಸರಕಾರ ಡೋಲನ್ನೇ ನಿರ್ಬಂಧಿಸಿತು. ಜನ ಬಿದಿರಿನ ತುಂಡುಗಳನ್ನು ನೆಲಕ್ಕೆ ಕುಟ್ಟಿ ತಾಳ ಹಿಡಿದರು. ಆಮೇಲೆ ಡಬ್ಬಿ, ತಗಡು ಬಂದವು. 1940ರ ದಶಕದಲ್ಲಿ ಖಾಲಿ ಎಣ್ಣೆ ಪೀಪಾಯಿಯ ತಳವನ್ನು ಸುತ್ತಿಗೆಯಿಂದ ತಟ್ಟಿ ತಗ್ಗು ಮಾಡಿ, ಅದರಲ್ಲಿ ಸ್ವರಗಳನ್ನು ಕೂರಿಸುವ ‘ಸ್ಟೀಲ್ ಪ್ಯಾನ್’ ವಾದ್ಯ ರೂಪುಗೊಂಡಿತು. 1992ರಲ್ಲಿ ಅದು ಆ ದೇಶದ ರಾಷ್ಟ್ರೀಯ ವಾದ್ಯವಾಯಿತು. 2023ರಲ್ಲಿ ವಿಶ್ವಸಂಸ್ಥೆ ಆಗಸ್ಟ್ 11ನ್ನು ಸ್ಟೀಲ್ ಪ್ಯಾನ್ ದಿನವೆಂದು ಘೋಷಿಸಿತು.

ಭಾರತೀಯರ ಡೋಲಿಗೂ ಅದೇ ಪಾಡು. ಅಲ್ಲಿನ ಮೊಹರಂಗೆ ‘ಹೋಸೆ’ ಎಂದು ಹೆಸರು. ತುಮಕೂರು ಸೀಮೆಯ ಬಾಬಯ್ಯನ ಹಬ್ಬದಂತೆಯೇ ಹಿಂದೂಗಳೂ ಅದರಲ್ಲಿ ಕೂಡುತ್ತಿದ್ದರು, ಆಫ್ರಿಕನ್ನರೂ ಸೇರುತ್ತಿದ್ದರು. 1884ರ ಅಕ್ಟೋಬರ್ 30ರಂದು ಸ್ಯಾನ್ ಫರ್ನಾಂಡೊ ಬಳಿ ಆ ಮೆರವಣಿಗೆಯ ಮೇಲೆ ಗುಂಡು ಹಾರಿಸಲಾಯಿತು, ಹಲವರು ಸತ್ತರು. ಅಲ್ಲಿ ಬಾರಿಸುತ್ತಿದ್ದ ‘ತಾಸಾ’ ಡೋಲು ಇಂದು ಮದುವೆ ಮನೆಗಳಲ್ಲಿ ಮೊಳಗುತ್ತದೆ. ಗಯಾನಾದಲ್ಲಿ ಮದರಾಸಿ ಮೂಲದವರ ಕಾಳಿ, ಮಾರಿಯಮ್ಮನ ಪೂಜೆಗೆ ಬೇವಿನ ಸೊಪ್ಪು ಬೇಕು, ‘ತಪ್ಪು’ ಎಂಬ ಚರ್ಮವಾದ್ಯ ಬೇಕು. ಮಾರಮ್ಮನ ಹಬ್ಬದಲ್ಲಿ ತಮಟೆ ಕೇಳಿ ಬೆಳೆದವರಿಗೆ ಹೆಚ್ಚಿನ ವಿವರಣೆ ಬೇಕಿಲ್ಲ.

1970ರ ದಶಕದಲ್ಲಿ ಲಾರ್ಡ್ ಶಾರ್ಟಿ ಎಂಬ ಆಫ್ರಿಕನ್ ಮೂಲದ ಗಾಯಕ ಕ್ಯಾಲಿಪ್ಸೊ ಹಾಡಿಗೆ ಭಾರತೀಯರ ಢೋಲಕ್ಕಿನ ಲಯ ಬೆರೆಸಿ ‘ಸೋಕ’ ಸಂಗೀತ ಕಟ್ಟಿದರು. ಆ ಹೊತ್ತಿಗೆ ಸುಂದರ್ ಪೋಪೊ ಹಿಂದಿ, ಇಂಗ್ಲಿಷ್ ಬೆರೆಸಿ ಹಾಡಿ ‘ಚಟ್ನಿ’ ಸಂಗೀತಕ್ಕೆ ದಾರಿ ಮಾಡಿದ್ದರು. ಒಂದೇ ತೋಟದಲ್ಲಿ ಪರಸ್ಪರ ಅನುಮಾನದಿಂದ ಬದುಕಿದ ಎರಡು ಜನಾಂಗಗಳು ಕೊಟ್ಟು ತೆಗೆದುಕೊಂಡದ್ದು ಹೀಗೆ.

ವಿಹಾರದ ಹಡಗಿನಲ್ಲಿ ಬಂದು ಕಡಲತೀರ ನೋಡಿ, ರಮ್ ಗುಟುಕರಿಸಿ ಸಂಜೆಗೆ ಹೊರಡುವ ಪ್ರವಾಸಿಗೆ ಈ ದ್ವೀಪಗಳು ಬರೀ ಮೋಜಿನ ತಾಣ. ಆ ಮೋಜು ಸುಳ್ಳಲ್ಲ. ಆದರೆ ಎಲ್ಲ ಕಳೆದುಕೊಂಡವರು ನಾಲಿಗೆಯಲ್ಲೂ ಕೈಬೆರಳುಗಳಲ್ಲೂ ಉಳಿಸಿಕೊಂಡದ್ದೇ ಅದರ ಬಂಡವಾಳ.

1976ರ ಏಪ್ರಿಲ್‌ನಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತ ನಾಲ್ಕೇ ವಿಕೆಟ್ ಕಳೆದುಕೊಂಡು 406 ರನ್ ಹೊಡೆದು ಗೆದ್ದಿತು. ಆ ಗೆಲುವಿನಲ್ಲಿ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅವರ ಪಾಲು 112. ಅದಕ್ಕೆ ಮುಂಚಿನ ಸರದಿಯಲ್ಲಿ ವೆಸ್ಟ್ ಇಂಡೀಸ್ ಪರವಾಗಿ ಅಜೇಯ 103 ಹೊಡೆದವರು ಗಯಾನಾದ ಕಾಳೀಚರಣ್. ಒಬ್ಬರು ವಿಮಾನದಲ್ಲಿ ಬಂದು ಹೋದವರು, ಇನ್ನೊಬ್ಬರು ಹಡಗಿನಲ್ಲಿ ಬಂದು ಅಲ್ಲಿಯೇ ಉಳಿದವರ ಕುಡಿ.